ದೊರೆಯ ಕಾರು ನರಳಿದ ಕತೆ

"ಕೇಳಿರಪ್ಪೋ ಕೇಳಿರಿ! ದೊರೆ ರಣಭೈರವರ ಕಾರಿನೊಳಗೆ ಒಂದು ಸದ್ದು ಸೇರಿಕೊಂಡಿದೆ. ದೊರೆ ಕೇಳುವ ಮೂರು ಒಗಟು ಬಿಡಿಸಿ ಆ ಸದ್ದು ನಿಲ್ಲಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರನ್ನು ಹೆಣಗಲ್ಲಿನ ಬಂಡೆಯಿಂದ ಕೆಳಗೆ ತಳ್ಳಲಾಗುತ್ತದೆ. ಸದ್ದಿಗೆ ಕಾರಣನಾದವನಿಗೂ ಅದೇ ಗತಿ!"

ಹದ್ದಿನಕೋಟೆಯಲ್ಲಿ ಹೀಗೆ ಡಂಗುರ ಸಾರಿದ ದಿನ ಜನ ಬಾಗಿಲು ಹಾಕಿಕೊಂಡರು. ದೊರೆಯ ಕಾರೆಂದರೆ ಅವರಿಗೆ ಅಷ್ಟು ಭಯ. ಮುಂದಿನ ಎರಡು, ಹಿಂದಿನ ಎರಡು, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುವ ಕಾರದು. ಎತ್ತು ಏರದ ಬಂಡೆಯನ್ನೂ ಏರುತ್ತಿತ್ತು. ಅದರಲ್ಲಿ ಕೂತೇ ದೊರೆ ಒಂಬತ್ತು ಹಳ್ಳಿಗಳಿಗೆ ಬೆಂಕಿ ಇಟ್ಟಿದ್ದ.

ಮೊದಲು ಬಂದವನು ಕಡಲಾಚೆ ಓದಿದ ನಡುವಯಸ್ಸಿನ ಎಂಜಿನಿಯರು. ಗಾಲಿಯ ಬೇರಿಂಗು ಸವೆದಿದೆ ಎಂದ, ನಾಲ್ಕನ್ನೂ ಬದಲಿಸಿದ. ಕಾರು ತಿರುವಿನಲ್ಲಿ ಮತ್ತೆ ನರಳಿತು. ಅವನು ಇನ್ನೂ ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದಾಗಲೇ ಎಳೆದೊಯ್ದು ತಳ್ಳಿದರು. ಎರಡನೆಯವನು ಶ್ರೀಕಂಠನೆಂಬ ತರುಣ ಎಂಜಿನಿಯರು. ಹಿಂದಿನ ಅಚ್ಚಿನ ಪೆಟ್ಟಿಗೆ ಬಿಚ್ಚಿ, ತಿಂದುಹೋಗಿದ್ದ ಹಲ್ಲುಚಕ್ರಗಳನ್ನು ತೆಗೆದು ಹೊಸದು ಕೂರಿಸಿದ. ಸದ್ದು ಹೋಗಲಿಲ್ಲ. "ಒಂದು ದಿನ ಕೊಡಿ ಪ್ರಭು, ಒಂದೇ ದಿನ" ಎಂದು ಅಂಗಲಾಚಿದ. ದೊರೆ ಒಂದು ಗಳಿಗೆಯನ್ನೂ ಕೊಡಲಿಲ್ಲ.

ಆಮೇಲೆ ಯಾರೂ ಬರಲಿಲ್ಲ. "ಹಾಗಾದರೆ ಕಾರು ಓಡಿಸುವವನೇ ಕೆಡಿಸಿದ್ದಾನೆ" ಎಂದು ದೊರೆ ತನ್ನ ಚಾಲಕ ಸಿದ್ಲಿಂಗನಿಗೆ ಸರಪಳಿ ಬಿಗಿಸಿದ. ಆ ಸಿದ್ಲಿಂಗನ ಹೆಂಡತಿಯ ತಮ್ಮನೇ ಲಗುಮ. ಬಂಡಿಯ ಗಾಲಿಗಳಿಗೆ ಕಬ್ಬಿಣದ ಪಟ್ಟಿ ಹಾಕುವ ಬಡ ಕಮ್ಮಾರ. ಕಾರನ್ನು ಮುಟ್ಟಿಯೂ ನೋಡಿದವನಲ್ಲ. ಆದರೂ ಅಕ್ಕನ ಅಳು ಕೇಳಲಾರದೆ ಕೋಟೆ ಹತ್ತಿದ.

"ಲೋ ಕಮ್ಮಾರ" ಎಂದ ದೊರೆ, "ನನ್ನ ಆಸನದ ಕೆಳಗೆ ಒಂದು ಮೃಗ ಗುರುಗುಟ್ಟುತ್ತದೆ. ಆಸನ ಕಿತ್ತರೆ ಅಲ್ಲಿಲ್ಲ. ಅದರ ಗುಹೆ ಎಲ್ಲಿ? ನೇರ ದಾರಿಯಲ್ಲಿ ಸಣ್ಣಗೆ ಗೊಣಗುತ್ತದೆ, ತಿರುವು ಬಂದರೆ ಗಾಡಿಯನ್ನೇ ಹಿಡಿದು ಅಲುಗಿಸುತ್ತದೆ. ಅದು ಏನು ತಿಂದು ಬದುಕಿದೆ? ಅದನ್ನು ಒಳಗೆ ಬಿಟ್ಟವನು ಯಾರು?"

"ನಿಂತ ಗಾಡಿ ಏನೂ ಹೇಳುವುದಿಲ್ಲ, ಪ್ರಭು. ಓಡುವಾಗ ಅದರ ಹೊಟ್ಟೆಗೆ ಕಿವಿ ಇಡಬೇಕು. ನನ್ನನ್ನು ಕೆಳಗೆ ಕಟ್ಟಿ ಓಡಿಸಿ."

ದೊರೆಗೆ ಈ ಆಟ ಹಿಡಿಸಿತು. ಲಗುಮನನ್ನು ಹಲಗೆಗೆ ಬಿಗಿದು ಕಾರಿನಡಿ ಹಗ್ಗದಿಂದ ತೂಗಿಸಿ, ತಾನೇ ಓಡಿಸಿದ. ಬೇಕೆಂದೇ ಕಲ್ಲಿನ ಮೇಲೆ ಹತ್ತಿಸಿದ. ಹಲಗೆ ಒಡೆದು ಕಟ್ಟು ಸಡಿಲಾಯಿತು, ಬೆನ್ನಿನ ಚರ್ಮ ಕಿತ್ತುಬಂತು. ಲಗುಮ ಬಾಯಲ್ಲಿ ಬಟ್ಟೆ ಕಚ್ಚಿಕೊಂಡು, ಮುಂದಿನಿಂದ ಹಿಂದಕ್ಕೆ ಹೋಗುವ ಉದ್ದನೆಯ ದಂಡದ ಜಾಡಿನಲ್ಲೇ ಸದ್ದನ್ನು ಹುಡುಕುತ್ತ ತೆವಳಿದ. ಹಿಂದಿನ ಅಚ್ಚಿನ ಪೆಟ್ಟಿಗೆಗೆ ಕೆನ್ನೆ ತಾಗಿತು. ಕೆನ್ನೆ ಚುರ್ರೆಂದಿತು.

ಬಿಚ್ಚಿ ಎಳೆದಾಗ ಅವನಿಗೆ ನಿಲ್ಲಲೂ ಆಗಲಿಲ್ಲ. ಮಂಡಿಯ ಮೇಲೇ ಹೋಗಿ, ಪಟ್ಟಿ ಹಾಕುವ ಮೊದಲು ಬಂಡಿಯ ಗಾಲಿ ಅಳೆಯುವ ಹಾಗೆ, ಒಂದೊಂದು ಗಾಲಿಯ ಸುತ್ತಲೂ ಹಗ್ಗ ಹಿಡಿದ. ಮೂರು ಸಮನಾಗಿದ್ದವು. ಮುಂದಿನ ಎಡಗಾಲಿ ನಾಲ್ಕು ಬೆರಳು ಹೆಚ್ಚಿತ್ತು.

"ಗುಹೆ ಹಿಂದಿನ ಪೆಟ್ಟಿಗೆಯಲ್ಲಿದೆ, ಪ್ರಭು. ಉದ್ದದ ದಂಡ ಆ ಸದ್ದನ್ನು ನಿಮ್ಮ ಆಸನದವರೆಗೆ ಹೊತ್ತು ತರುತ್ತದೆ. ಅದು ತಿನ್ನುವುದು ಗಾಲಿಗಳ ಜಗಳವನ್ನು. ನಾಲ್ಕನ್ನೂ ಒಂದೇ ನೊಗಕ್ಕೆ ಕಟ್ಟಿದೆ. ಮೂರು ಸವೆದಿವೆ, ಒಂದರ ಟಯರು ಹೊಸದು, ದೊಡ್ಡದು. ಅದು ನೂರು ಸುತ್ತು ಸುತ್ತುವಷ್ಟರಲ್ಲಿ ಉಳಿದವು ನೂರಮೂರು ಸುತ್ತಬೇಕು. ಆ ಎಳೆದಾಟವೆಲ್ಲ ಹಿಂದಿನ ಪೆಟ್ಟಿಗೆಯ ಮೇಲೆ ಬಿದ್ದು ಅದು ಕಾದು ಕೆಂಡವಾಗುತ್ತದೆ."

"ಮೂರನೆಯದು?"

ಲಗುಮ ಸರಪಳಿಯಲ್ಲಿದ್ದವನ ಕಡೆ ತಿರುಗಿದ. "ಭಾವ, ಒಂದೇ ಟಯರು ಯಾಕೆ ಬದಲಿಸಿದಿರಿ?"

ಸಿದ್ಲಿಂಗ ದೊರೆಯ ಕಡೆ ಒಮ್ಮೆ ನೋಡಿದ. ಆಮೇಲೆ, ಹೇಗೂ ಸಾಯುವುದೇ ಎಂದುಕೊಂಡನೋ ಏನೋ, ಹೇಳಿದ. "ಬೇಟೆಯಲ್ಲಿ ಹಂದಿ ತಪ್ಪಿತು. ಅದನ್ನು ಅಟ್ಟುತ್ತಿದ್ದ ಆಳು ಹೆದರಿ ಗಾಲಿಯ ಮರೆಗೆ ಕೂತ. ದೊರೆ ಅವನ ಎದೆಗೆ ಹೊಡೆದರು. ಗುಂಡು ಅವನನ್ನು ದಾಟಿ ಟಯರು ಸೇರಿತು. ಹಂದಿ ಹಾಯ್ದು ಸತ್ತ ಅಂತ ಹೇಳಲು ಅಪ್ಪಣೆಯಾಯಿತು."

ಪಕ್ಕದಲ್ಲಿ ನಿಂತಿದ್ದ ಕಾವಲಿನ ದಳಪತಿ ಹನುಮೋಜಿಯ ಮುಖ ಬಿಳಿಚಿತು. ಆ ಆಳು ಅವನ ಒಡಹುಟ್ಟಿದ ತಮ್ಮ.

"ಮೃಗವನ್ನು ಒಳಗೆ ಬಿಟ್ಟವರು ನೀವೇ, ಪ್ರಭು" ಎಂದ ಲಗುಮ.

"ಸುಳ್ಳು! ಸಾಬೀತು ಮಾಡು!"

ಲಗುಮ ಕೊಟ್ಟಿಗೆಯಲ್ಲಿದ್ದ ಹಳೆಯ ಟಯರುಗಳನ್ನೆಲ್ಲ ಅಳೆದು, ಉಳಿದ ಮೂರಕ್ಕೆ ಸಮನಾದುದನ್ನು ಹಾಕಿಸಿದ. ಹನುಮೋಜಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ದೊರೆ ಕೋಟೆಯನ್ನು ಮೂರು ಸುತ್ತು ಹಾಕಿದ. ಒಂದು ತಿರುವಿನಲ್ಲೂ ಕಾರು ಕಮಕ್ ಕಿಮಕ್ ಎನ್ನಲಿಲ್ಲ.

ಇಳಿಯುತ್ತಲೇ ದೊರೆ ಪಿಸ್ತೂಲು ತೆಗೆದು ಲಗುಮನತ್ತ ಗುರಿಯಿಟ್ಟ. ಸಿದ್ಲಿಂಗ ಸರಪಳಿಯ ಕೈಗಳನ್ನೆತ್ತಿ ದೊರೆಯ ಮಣಿಕಟ್ಟಿನ ಮೇಲೆ ಬಡಿದ. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿತು. ಗುಂಡು ಕಾರಿನ ಗಾಜು ಒಡೆಯಿತು.

"ಹಿಡಿಯಿರೋ ಇವರನ್ನು!" ದೊರೆ ಅರಚಿದ.

"ಡಂಗುರ ನಿಮ್ಮದೇ, ಪ್ರಭು. ಕಾರಣನಾದವನಿಗೂ ಅದೇ ಗತಿ" ಎನ್ನುತ್ತ ಹನುಮೋಜಿ ದೊರೆಯ ಜುಟ್ಟಿಗೆ ಕೈ ಹಾಕಿದ. ಕಾವಲಿನವರು ಒಬ್ಬರೂ ಅಡ್ಡ ಬರಲಿಲ್ಲ. ಹೆಣಗಲ್ಲಿನವರೆಗೆ ದೊರೆ ಒದ್ದ, ಕಚ್ಚಿದ, ರಾಜ್ಯ ಕೊಡುತ್ತೇನೆ ಎಂದ. ತಳ್ಳಿದ ಮೇಲೆ ಅವನ ಕೂಗು ಬಂಡೆಗೆ ಎರಡು ಸಲ ಬಡಿದು ನಿಂತಿತು.

"ಏನು ಬೇಡುತ್ತೀಯೋ ಬೇಡು" ಎಂದ ಹನುಮೋಜಿ.

ಲಗುಮ ಭಾವನ ಬಿಡುಗಡೆ ಬೇಡಿದ. ಆಮೇಲೆ ಕಾರನ್ನು ಬೇಡಿದ. ಎರಡೂ ಸಿಕ್ಕವು. ಗಾಯ ಮಾಗುವುದಕ್ಕೂ ಕಾಯದೆ ಭಾವಮೈದುನರು ಹಗ್ಗ ಇಳಿಬಿಟ್ಟು ಹೆಣಗಲ್ಲಿನ ಬುಡದಿಂದ ಎಂಜಿನಿಯರುಗಳಿಬ್ಬರನ್ನೂ ಮೇಲಕ್ಕೆ ತಂದರು, ಬಿಳಿ ಬಟ್ಟೆ ಸುತ್ತಿ ಕಾರಿನಲ್ಲಿ ಮಲಗಿಸಿದರು.

ಕಾರು ಮನೆಯ ಮುಂದೆ ನಿಂತಾಗ ಶ್ರೀಕಂಠನ ತಾಯಿ ಬಾಗಿಲಲ್ಲೇ ನಿಂತು ಕೇಳಿದಳು. "ನನ್ನ ಮಗ ತಪ್ಪು ಹೇಳಿದನಂತೆ, ಹೌದೇನಪ್ಪ?"

"ಇಲ್ಲ ತಾಯಿ" ಎಂದ ಲಗುಮ. "ಅವರು ಹುಡುಕಿದ ಜಾಗ ಸರಿಯಿತ್ತು. ಅವರು ಕೂರಿಸಿದ ಚಕ್ರಗಳ ಮೇಲೇ ಈ ಗಾಡಿ ಈಗ ಸದ್ದಿಲ್ಲದೆ ಓಡುತ್ತಿರುವುದು. ಇನ್ನೊಂದು ದಿನ ಸಿಕ್ಕಿದ್ದರೆ ಉಳಿದದ್ದೂ ಅವರಿಗೇ ತಿಳಿಯುತ್ತಿತ್ತು."

ಆಕೆ ಮಗನನ್ನು ಒಳಗೆ ತರಲು ಬಾಗಿಲು ಪೂರಾ ತೆರೆದಳು.