ಶಾಲು ಎಲ್ಲಿಂದ ಬಿಚ್ಚುತ್ತದೆ

ಶಿಷ್ಯ ಕೇಳಿದ: "ಗುರುಗಳೇ, ಹಳೆಯ ಜಗಳವನ್ನು ಬಿಡಿಸುವುದು ಹೇಗೆ?"

"ಯಾರ ಜೊತೆಗಿನ ಜಗಳ?"

"ನನ್ನ ಅಣ್ಣನ ಜೊತೆಗಿನದು. ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ಅದು ತಂಗಿಯ ಮದುವೆಯಲ್ಲಿ ಶುರುವಾಯಿತು ಎಂದು ಅವನು ಊರವರ ಹತ್ತಿರ ಹೇಳುತ್ತಾನಂತೆ. ಅಲ್ಲ, ಅದಕ್ಕೂ ಮೊದಲು, ಒಂದು ಏಣಿಯ ವಿಷಯದಲ್ಲಿ. ನನ್ನನ್ನು ಕೇಳದೆ ಒಯ್ದ. ಈಚೆಗೆ ಯೋಚಿಸಿದರೆ ಏಣಿಗಿಂತ ಹಿಂದೆಯೂ ಏನೋ ಇದೆ ಅನ್ನಿಸುತ್ತದೆ. ಎಷ್ಟು ಹುಡುಕಿದರೂ ಮೂಲ ಸಿಗುತ್ತಿಲ್ಲ. ಅವನಿಗೇನು, ಇವತ್ತು ಮಧ್ಯಾಹ್ನ ಊಟಕ್ಕೆ ಬಾ ಎಂದು ಹೇಳಿಕಳಿಸಿದ್ದಾನೆ. ಏನೂ ಆಗದವನ ಹಾಗೆ! ಮೂಲ ಇತ್ಯರ್ಥವಾಗದೆ ನಾನು ಅವನ ಮನೆಯಲ್ಲಿ ಎಲೆಯ ಮುಂದೆ ಹೇಗೆ ಕೂರಲಿ?"

ಗುರುಗಳು ಒಂದು ಕತೆ ಹೇಳಿದರು.

ಚಳಿ ಜಾಸ್ತಿಯಿದ್ದ ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಮನೆಯಲ್ಲೇ ಕುಳಿತು ಉಣ್ಣೆ ಹೆಣೆಯುತ್ತಿದ್ದಳು. ಹೊಸ ನೂಲನ್ನು ಅವಳು ಯಾವತ್ತೂ ಕೊಂಡವಳಲ್ಲ. ಸವೆದ ಶಾಲು, ಬಿಗಿಯಾದ ಸ್ವೆಟರು, ಜೋಡಿ ಕಳೆದುಕೊಂಡ ಕಾಲುಚೀಲ, ಹೀಗೆ ಜನ ತಂದು ಕೊಡುತ್ತಿದ್ದರು. ಅವಳು ಬಿಚ್ಚಿ, ತೊಳೆದು, ಕೈಯಾರೆ ಬಣ್ಣ ಹಾಕಿ, ಮತ್ತೆ ಹೆಣೆದು ಕೊಡುತ್ತಿದ್ದಳು. ಒಬ್ಬ ಅಜ್ಜನ ಸ್ವೆಟರನ್ನು ಮೂವರು ಮೊಮ್ಮಕ್ಕಳು ಟೋಪಿಯಾಗಿ ತೊಟ್ಟು ತಿರುಗುವುದು ಆ ಊರಿನಲ್ಲಿ ಸಾಮಾನ್ಯವಾಗಿತ್ತು.

ಅದೇ ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕ್ರಮದ ಮನುಷ್ಯ. ಅವನ ಅಂಗಡಿಯಲ್ಲಿ ಲೋಟಗಳು ಕೂಡ ಎತ್ತರದ ಪ್ರಕಾರ ನಿಲ್ಲುತ್ತಿದ್ದವು. ತೀರಿಕೊಂಡ ತಾಯಿ ಹೆಣೆದ ಒಂದು ಶಾಲು ಅವನ ಬಳಿ ಇತ್ತು. ಮಡಿಕೆ ಬಿದ್ದ ಕಡೆಯೆಲ್ಲ ಬಣ್ಣ ಮಾಸಿತ್ತು. ಮಗಳು ಹೆರಿಗೆಗೆ ಬಂದಿದ್ದಳು. ಹುಟ್ಟುವ ಮಗುವಿಗೆ ಅದೇ ನೂಲಿನಲ್ಲಿ ಒಂದು ಅಂಗಿ ಆಗಬೇಕೆಂದು ಅವನ ಆಸೆ. ತನ್ನ ತಾಯಿಯ ಕೈ ಮಗುವಿನ ಮೈಮೇಲೆ ಇದ್ದಂತಾಗುತ್ತದೆ ಎಂದು ಅವನು ಯಾರಿಗೂ ಹೇಳಲಿಲ್ಲ. ಒಳ್ಳೆಯ ಉಣ್ಣೆ ವ್ಯರ್ಥವಾಗಬಾರದು ಎಂದಷ್ಟೇ ಹೇಳಿದ.

ಅಂಗಿಯನ್ನು ಆ ಹೆಂಗಸು ಹೆಣೆಯಲಿ, ಅದು ಸರಿ. ಆದರೆ ತಾಯಿಯ ಹೆಣಿಗೆಯನ್ನು ಬೇರೆಯವರು ಬಿಚ್ಚುವುದಕ್ಕೆ ಅವನ ಮನಸ್ಸು ಒಪ್ಪಲಿಲ್ಲ. ತಾನೇ ಬಿಚ್ಚಲು ಕುಳಿತ. ಶಾಲಿಗೆ ಎರಡು ತುದಿ. ಯಾವ ಕೆಲಸವನ್ನಾದರೂ ಮೊದಲಿನಿಂದ ಮಾಡಬೇಕೆನ್ನುವುದು ಅವನ ನಿಯಮ. ತಾಯಿ ಹೆಣಿಗೆ ಶುರುಮಾಡಿದ ತುದಿ ಯಾವುದೆಂದು ಅವನಿಗೆ ಗೊತ್ತಿತ್ತು. ಗುರುತಿಗೆ ಅಲ್ಲಿ ಅವಳು ಒಂದು ಕೆಂಪು ಎಳೆ ಸೇರಿಸಿದ್ದಳು. ಆ ತುದಿಯನ್ನೇ ಹಿಡಿದು ಎಳೆದ.

ನೂಲು ಬರಲಿಲ್ಲ. ಇನ್ನೂ ಎಳೆದ. ಹೆಣಿಗೆಯ ಕಣ್ಣುಗಳು ಒಂದರ ಕುತ್ತಿಗೆಯನ್ನು ಇನ್ನೊಂದು ಹಿಡಿದು ಬಿಗಿದುಕೊಂಡವು. ಸೂಜಿ ಹಾಕಿದ. ಹಲ್ಲು ಹಾಕಿದ. ಒಂದು ವಾರ ಅಂಗಡಿಗೆ ತಡವಾಗಿ ಹೋದ. ಎಂಟನೆಯ ದಿನ ಮಗಳು ಗಂಡುಮಗುವನ್ನು ಹೆತ್ತಳು. ಅಜ್ಜನ ಕೈಯಲ್ಲಿ ಆಗಲೂ ಒಂದು ಗೇಣು ನೂಲಿರಲಿಲ್ಲ. ಒಳಕೋಣೆಯಲ್ಲಿ ಮಗು ಸೀನಿತು. ವ್ಯಾಪಾರಿ ಕತ್ತರಿ ಎತ್ತಿಕೊಂಡ.

ಹೆಂಡತಿ ಬಂದು ಕತ್ತರಿಯನ್ನು ಕಸಿದುಕೊಂಡಳು. "ಬದುಕಿದ್ದಾಗ ನಿಮ್ಮ ಹಟ ಅತ್ತೆಯವರಿಗೆ ಸಾಕುಸಾಕಾಗಿತ್ತು. ಈಗ ಅವರ ಶಾಲಿಗೂ ಬೇಕೇ?" ಎಂದಳು.

ಅವನು ಶಾಲನ್ನು ಕಂಕುಳಲ್ಲಿಟ್ಟುಕೊಂಡು ಹೆಣೆಯುವ ಹೆಂಗಸಿನ ಮನೆಗೆ ಹೋದ. ಅವಳು ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು.

"ಹಲ್ಲು ಹಾಕಿದ್ದೀರಾ?"

"ಸ್ವಲ್ಪ."

"ನೀವೊಬ್ಬರೇ ಅಲ್ಲ ಬಿಡಿ. ಹೋದ ವಾರ ಮೇಷ್ಟ್ರು ತಂದ ಸ್ವೆಟರಿನಲ್ಲೂ ಹಲ್ಲಿನ ಗುರುತಿತ್ತು. ಶುರುವಿನ ತುದಿ ಹಿಡಿದಿದ್ದೀರಿ ಸ್ವಾಮಿ. ಹೆಣಿಗೆ ಅಲ್ಲಿಂದ ಬಿಚ್ಚುವುದಿಲ್ಲ. ಎಲ್ಲಿ ಮುಗಿಸಿರುತ್ತಾರೋ ಅಲ್ಲಿಂದ ಬಿಚ್ಚುತ್ತದೆ."

ಶಾಲನ್ನು ತಿರುಗಿಸಿದಳು. ಇನ್ನೊಂದು ಅಂಚಿನಲ್ಲಿ ಅವನ ತಾಯಿ ಕೊನೆಯ ಎಳೆಯನ್ನು ಒಳಗೆ ಮಡಚಿ ಸಣ್ಣ ಗಂಟು ಹಾಕಿದ್ದಳು. ಹೆಂಗಸು ಗಂಟು ಸಡಿಲಿಸಿ ಎಳೆಯನ್ನು ಅವನ ಕೈಗೆ ಕೊಟ್ಟಳು. "ಎಳೆಯಿರಿ. ಬಿಚ್ಚುವವರು ನೀವೇ ತಾನೇ?"

ಎಳೆದ. ಒಂದು ಸಾಲು ಬಿಚ್ಚಿತು. ಮತ್ತೊಂದು ಬಿಚ್ಚಿತು. ತಾಯಿ ಎರಡು ಚಳಿಗಾಲ ಕುಳಿತು ಹೆಣೆದದ್ದು ಸಂಜೆಯೊಳಗೆ ಅವನ ಮಡಿಲಿಗೆ ಬಂದು ಬಿತ್ತು. ಕೊನೆಗೆ ಕೆಂಪು ಎಳೆ ಬಂತು. ಅದರಾಚೆ ಒಂದೇ ಒಂದು ಕುಣಿಕೆ ಉಳಿದಿತ್ತು. ಅವನು ಒಂದು ವಾರ ಹೋರಾಡಿದ ಮೊದಲ ಕಣ್ಣು ಅದೇ. ಉಸಿರು ಬಿಗಿಹಿಡಿದು ಎಳೆದ. ಅದು ತಾನಾಗಿ ಜಾರಿ ಬಿಚ್ಚಿಕೊಂಡಿತು. ಕೈಯಲ್ಲಿ ಬರೀ ನೂಲಿತ್ತು.

"ಇಷ್ಟೇನಾ?" ಎಂದ ವ್ಯಾಪಾರಿ.

"ಇಷ್ಟೇ" ಎಂದಳು ಹೆಂಗಸು.

ಬಿಚ್ಚಿದ ನೂಲು ಗುಂಗುರು ಗುಂಗುರಾಗಿತ್ತು. ಹಾಳಾಯಿತಲ್ಲ ಎಂದು ಅವನು ಮುಖ ಸಣ್ಣದು ಮಾಡಿದ. "ಅಷ್ಟು ವರ್ಷ ಹಾಗೇ ಕೂತಿತ್ತಲ್ಲ, ಅಭ್ಯಾಸ. ನೀರು ಕುಡಿದರೆ ಬಿಡುತ್ತದೆ" ಎಂದು ಅವಳು ನೂಲನ್ನು ಲಡಿ ಸುತ್ತಿ, ನೆನೆಸಿ, ಅವನ ಅಂಗಡಿಯದೇ ಒಂದು ಹಿತ್ತಾಳೆ ಚೊಂಬನ್ನು ಭಾರಕ್ಕೆ ಕಟ್ಟಿ ತೂಗುಹಾಕಿದಳು. ನೂಲು ನೆಟ್ಟಗಾಯಿತು. ಪಟಿಕದ ನೀರಿನಲ್ಲಿ ಅದ್ದಿ, ದಾಳಿಂಬೆ ಸಿಪ್ಪೆಯ ಕಷಾಯದಲ್ಲಿ ಬಣ್ಣ ಹಾಕಿದಳು. ಮಾಸಿದ ಕಡೆ ತಿಳಿ ಹಳದಿ, ಉಳಿದ ಕಡೆ ಗಾಢ ಹಳದಿ ಬಂತು. ಲೋಟಗಳನ್ನು ಎತ್ತರದ ಪ್ರಕಾರ ನಿಲ್ಲಿಸುವವನಿಗೆ ಇದರಿಂದ ಸಂಕಟವಾಯಿತು.

"ಎರಡು ಉಂಡೆ ಮಾಡಿ, ಒಂದು ಸಾಲು ಇದರಲ್ಲಿ, ಒಂದು ಸಾಲು ಅದರಲ್ಲಿ ಹೆಣೆಯುತ್ತೇನೆ. ಮಗು ತಕರಾರು ಮಾಡಿದರೆ ವಾಪಸು ತನ್ನಿ" ಎಂದಳು ಹೆಂಗಸು.

ನಾಮಕರಣದ ದಿನ ಮಗು ಆ ಅಂಗಿ ತೊಟ್ಟು ಅಜ್ಜನ ತೊಡೆಯ ಮೇಲೆ ಮಲಗಿತ್ತು. ತಕರಾರು ಮಾಡಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ ಬಹಳ ಹೊತ್ತು ತಲೆದೂಗಿದ.

"ಅರ್ಥವಾಯಿತು ಗುರುಗಳೇ. ಆದರೆ ಆ ಏಣಿಯ ವಿಷಯ..."

ಗುರುಗಳು ಅಂಗಳದ ಬಿಸಿಲನ್ನು ನೋಡಿ ಕೇಳಿದರು:

"ಊಟ ಎಷ್ಟು ಹೊತ್ತಿಗೆ ಅಂದಿದ್ದಾನೆ ನಿನ್ನ ಅಣ್ಣ?"