ನಾಯಿ ಹೊಳೆಗೆ ಕೊಟ್ಟ ಗಳಿಗೆ ಬಟ್ಟಲು

ಭೂಮಿ ಆಗಷ್ಟೇ ತಣ್ಣಗಾಗಿತ್ತು. ಬೆಟ್ಟಗಳ ಅಂಚು ಇನ್ನೂ ಚೂಪಾಗಿತ್ತು. ಹೊಳೆಗಳು ಬಂಡೆಗಳನ್ನು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಬಂಡೆಗಳು ದಾರಿ ಹೇಳುತ್ತಿದ್ದವು.

ಆಗ ಯಾರಿಗೂ ಹೊತ್ತು ಗೊತ್ತಾಗುತ್ತಿರಲಿಲ್ಲ. ಕೋಳಿ ಮಧ್ಯಾಹ್ನ ಕೂಗುತ್ತಿತ್ತು. ಕೊಕ್ಕರೆ ಮೊಟ್ಟೆಯಿಟ್ಟ ಎರಡನೇ ದಿನವೇ "ಮರಿ ಯಾಕೆ ಬರಲಿಲ್ಲ?" ಎಂದು ಕುಟ್ಟಿ ನೋಡುತ್ತಿತ್ತು.

ಇದನ್ನೆಲ್ಲ ನೋಡಿ ಹೊಳೆಯಮ್ಮ ಒಂದು ಉಪಾಯ ಮಾಡಿದಳು. ಎಲ್ಲ ಪ್ರಾಣಿಗಳಿಗೂ ಒಂದೊಂದು ಗಳಿಗೆ ಬಟ್ಟಲು ಹಂಚಿದಳು.

ಗಳಿಗೆ ಬಟ್ಟಲು ಎಂದರೆ ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ಪುಟ್ಟ ಬಟ್ಟಲು. ನೀರಿನ ಮೇಲೆ ಬಿಟ್ಟರೆ ತೂತಿನಿಂದ ನೀರು ಮೆಲ್ಲಗೆ ಒಳಗೆ ಬರುತ್ತದೆ. ಬಟ್ಟಲು ತುಂಬುತ್ತದೆ, ಮುಳುಗುತ್ತದೆ, ತಳ ಮುಟ್ಟಿ ಟಣ್ ಎನ್ನುತ್ತದೆ. ಅಲ್ಲಿಗೆ ಒಂದು ಗಳಿಗೆ. ಹೊಳೆಯಮ್ಮನ ಬಟ್ಟಲುಗಳು ಮುಳುಗಿದ ಮೇಲೆ ತಾವಾಗಿಯೇ ಎದ್ದು ಮತ್ತೆ ತೇಲುತ್ತಿದ್ದವು. ಒಂದು ಹಗಲು, ಒಂದು ರಾತ್ರಿ ಸೇರಿದರೆ ಅರವತ್ತು ಟಣ್.

ಹೊಳೆಯಮ್ಮ ಪ್ರತಿ ಪ್ರಾಣಿಯ ಎದೆಯೊಳಗೂ ಒಂದು ಬೊಗಸೆ ನೀರು ತುಂಬಿ, ಅದರ ಮೇಲೆ ಬಟ್ಟಲನ್ನು ತೇಲಿಬಿಟ್ಟಳು. ಮರುದಿನ ಕೋಳಿ ಬೆಳಿಗ್ಗೆಯೇ ಕೂಗಿತು. ಕೊಕ್ಕರೆ ಸುಮ್ಮನೆ ಕಾವು ಕೂತಿತು. ಹಂಚಿ ಮುಗಿದ ಮೇಲೆ ಹೊಳೆಯಮ್ಮ ನೋಡಿಕೊಂಡರೆ ತನಗೆ ಒಂದೂ ಉಳಿದಿರಲಿಲ್ಲ.

"ಇರಲಿ ಬಿಡು," ಎಂದುಕೊಂಡು ಹರಿದಳು.

ಹೊಳೆಯ ದಡದಲ್ಲಿ ಒಂದು ದೊಡ್ಡ ಹುಣಸೆಮರವಿತ್ತು. ಅದರ ನೆರಳಿನಲ್ಲಿ ಎಮ್ಮೆಯಜ್ಜಿ ಇದ್ದಳು. ಹಿಂಡು ಬಿಟ್ಟುಹೋದವರು, ದಾರಿ ತಪ್ಪಿದವರು, ಯಾರಿಗೂ ಬೇಡವಾದವರು ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಎಮ್ಮೆಯಜ್ಜಿ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಸ್ವಲ್ಪ ಸರಿದು ಜಾಗ ಕೊಡುತ್ತಿದ್ದಳು, ಅಷ್ಟೇ.

ಅಲ್ಲೊಂದು ನಾಯಿ ಇತ್ತು. ಕಂದು ಬಣ್ಣ. ಒಂದು ಕಿವಿ ನಿಂತಿತ್ತು, ಇನ್ನೊಂದು ಮಡಚಿಕೊಂಡಿತ್ತು. ಮರಿಯಾಗಿದ್ದಾಗ ಕಾಲಿಗೆ ಮುಳ್ಳು ಚುಚ್ಚಿ ಹಿಂದೆ ಬಿದ್ದಿತ್ತು. ಅದರ ಹಿಂಡು ಜಿಂಕೆಯ ಹಿಂದೆ ಓಡಿಹೋದದ್ದು ತಿರುಗಿ ಬರಲೇ ಇಲ್ಲ.

ಒಂದು ದಿನ ಆಚೆ ದಡದಿಂದ ಬೊಮ್ಮಿ ಎಂಬ ಹುಡುಗಿ ಅಪ್ಪನ ಜೊತೆ ಜೇನು ಹುಡುಕಿಕೊಂಡು ಬಂದಳು. ಹೊಳೆಯಲ್ಲಿ ಆಗ ಮೊಣಕಾಲುದ್ದ ನೀರು. ಬೊಮ್ಮಿ ನಾಯಿಯನ್ನು ನೋಡಿದಳು. ನಾಯಿ ಬೊಮ್ಮಿಯನ್ನು ನೋಡಿತು.

"ಅಪ್ಪಾ, ಇದನ್ನ ಕರ್ಕೊಂಡು ಹೋಗೋಣ."

"ಇದರ ಕಿವಿ ನೋಡು. ಒಂದು ಕೇಳುತ್ತೆ, ಒಂದು ನಿದ್ದೆ ಮಾಡುತ್ತೆ," ಎಂದ ಅಪ್ಪ ಸಿದ್ದ.

"ನೀನೂ ಅವ್ವ ಕರೆದಾಗ ಹಾಗೇ ಅಲ್ವಾ?"

ಎಮ್ಮೆಯಜ್ಜಿ ಮೆಲುಕು ನಿಲ್ಲಿಸಿದಳು. "ಬಣ್ಣ, ಕಿವಿ ನೋಡಿ ಆರಿಸೋಕೆ ಇದೇನು ಹಣ್ಣಿನ ಮರ ಅಲ್ಲ ಮಗಾ. ಮೊದಲು ಅದರ ಪಕ್ಕ ಒಂದು ಗಳಿಗೆ ಕೂತ್ಕೊ. ಮಾತಾಡಬೇಡ, ಮುಟ್ಟಬೇಡ. ಇದು ಇಲ್ಲಿಯ ಕಟ್ಟಳೆ."

ಬೊಮ್ಮಿ ಕೂತಳು. ಅರ್ಧ ಗಳಿಗೆಗೆ ನಾಯಿ ಅವಳ ಹಿಮ್ಮಡಿ ಮೂಸಿತು. ಮುಕ್ಕಾಲು ಗಳಿಗೆಗೆ ಅವಳ ಪಾದದ ಮೇಲೆ ಗದ್ದ ಇಟ್ಟಿತು. ಬಟ್ಟಲು ಮುಳುಗಿತು. ಟಣ್.

"ಸರಿ," ಎಂದಳು ಎಮ್ಮೆಯಜ್ಜಿ.

ಸಿದ್ದ ತಲೆ ಕೆರೆದುಕೊಂಡ. "ಅವ್ವನ್ನ ಒಂದು ಮಾತು ಕೇಳಿ ಬರೋಣ. ಕೇಳದೆ ಕರ್ಕೊಂಡು ಹೋದ್ರೆ ಮೂವರನ್ನೂ ಹೊರಗೆ ಮಲಗಿಸ್ತಾಳೆ."

"ನಾಳೆ ಬರ್ತೀನಿ," ಎಂದು ಬೊಮ್ಮಿ ನಾಯಿಗೆ ಹೇಳಿದಳು. "ಖಂಡಿತ ನಾಳೆ."

ಅವರು ಆಚೆ ದಡ ಸೇರಿದ ಕೂಡಲೇ ಮಳೆ ಬಂತು. ಹೊಳೆ ಉಕ್ಕಿತು.

ನಾಯಿ ಕಾದಿತು. ಬಟ್ಟಲು ಮುಳುಗಿತು. ಟಣ್. ಅರವತ್ತು ಟಣ್ ಆಯಿತು. ನಾಳೆ ಬಂತು, ಬೊಮ್ಮಿ ಬರಲಿಲ್ಲ. ಆರುನೂರು ಟಣ್ ಆಯಿತು. ಒಂದೊಂದು ಟಣ್ ಎಂದಾಗಲೂ ನಾಯಿಯ ಎದೆ ಒಂದಿಷ್ಟು ಭಾರವಾಗುತ್ತಿತ್ತು.

ಪಕ್ಕದಲ್ಲಿ ಬೆಕ್ಕು ಮೀಸೆ ನೆಕ್ಕುತ್ತ ಕೂತಿತ್ತು. ಅದನ್ನೂ ಯಾರೋ ಬಿಟ್ಟುಹೋಗಿದ್ದರು. "ಎಷ್ಟಾಯ್ತು?" ಎಂದು ಕೇಳಿತು.

"ಮೂರು ಸಾವಿರದ ಹನ್ನೆರಡು."

"ನಾನಾಗಿದ್ರೆ, ಅವಳು ಬಂದಾಗ ಬೆನ್ನು ತಿರುಗಿಸಿ ಕೂರ್ತಿದ್ದೆ. ಎಷ್ಟು ಗಳಿಗೆ ಕಾಯಿಸಿದಳೋ ಅಷ್ಟೇ ಗಳಿಗೆ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ."

ನಾಯಿಗೆ ಅದು ಸರಿ ಎನಿಸಿತು. ಬೆನ್ನು ತಿರುಗಿಸಿ ಕೂರುವುದನ್ನು ಅಭ್ಯಾಸ ಮಾಡಿತು. ಆದರೆ ಕತ್ತು ಮಾತ್ರ ಹೊಳೆಯ ಕಡೆಗೇ ತಿರುಗುತ್ತಿತ್ತು.

ಮಳೆ ನಿಂತು ತಿಂಗಳಾಯಿತು. ಹೊಳೆ ಇಳಿಯಲಿಲ್ಲ.

ತೊಂಬತ್ತನೇ ದಿನ ಗಾಳಿ ಆಚೆ ದಡದಿಂದ ಏದುಸಿರು ಬಿಡುತ್ತ ಬಂತು.

"ಏ ಮಡಚಿದ ಕಿವಿ, ಕೇಳಿಲ್ಲಿ! ಆ ಹುಡುಗಿ ದಿನಾ ನೀರಿಗೆ ಇಳೀತಾಳೆ, ಅವಳಪ್ಪ ದಿನಾ ಎಳ್ಕೊಂಡು ಹೋಗ್ತಾನೆ. ಇವತ್ತು ಅಪ್ಪ ಗೆಣಸು ಅಗೆಯೋಕೆ ಹೋಗಿದಾನೆ. ಇವಳು ಸೊಂಟಕ್ಕೆ ಎರಡು ಸೋರೆಬುರುಡೆ ಕಟ್ಕೊಂಡು ನಿಂತಿದಾಳೆ. ಈಜಿ ಬರ್ತಾಳಂತೆ."

ನಾಯಿ ಒಂದೇ ಉಸಿರಿಗೆ ಹೊಳೆಯ ಹತ್ತಿರ ಓಡಿತು. ಎಲ್ಲರೂ ಹಿಂದೆ ಓಡಿದರು.

"ಹೊಳೆಯಮ್ಮಾ, ಇಳಿ. ಸಾಕು, ಇಳಿ."

"ಇಳೀಬೇಕಾ?" ಎಂದಳು ಹೊಳೆಯಮ್ಮ ಗಾಬರಿಯಿಂದ. "ಉಕ್ಕೋಕೆ ಶುರು ಮಾಡಿದ್ದು ನೆನಪಿದೆ. ಎಷ್ಟು ಹೊತ್ತಾಯ್ತೋ ತಿಳೀತಿಲ್ಲ."

"ತೊಂಬತ್ತು ದಿನ ಆಯ್ತು."

"ನೀನು ಹೇಳ್ತೀಯ, ಮುಂದಿನ ತಿರುವಿಗೆ ಹೋಗೋಷ್ಟರಲ್ಲಿ ನಾನು ಮರೀತೀನಿ. ಹರಿಯೋದೇ ನನ್ನ ಕೆಲಸ ನೋಡು. ನನ್ನೊಳಗೇ ಒಂದು ಬಟ್ಟಲು ಇರಬೇಕಿತ್ತು. ಯಾರಾದ್ರೂ ಒಂದು ವಾಪಸ್ ಕೊಡ್ತೀರಾ?"

"ನಾನು ಕೊಟ್ರೆ ಸೂರ್ಯನ್ನ ಎಬ್ಬಿಸೋರು ಯಾರು?" ಎಂದಿತು ಕೋಳಿ.

"ನನಗೆ ಮೊಟ್ಟೆ ಇದೆ," ಎಂದಿತು ಕೊಕ್ಕರೆ.

ಬೆಕ್ಕು ತನಗೆ ಕೇಳಿಸಲೇ ಇಲ್ಲ ಎಂಬಂತೆ ಬಾಲ ನೋಡಿಕೊಂಡಿತು.

"ನನ್ನದು ತಗೊ," ಎಂದಿತು ನಾಯಿ.

"ಯೋಚಿಸು ಮಗಾ," ಎಂದಳು ಹೊಳೆಯಮ್ಮ. "ಬಟ್ಟಲು ಹೋದರೆ ಲೆಕ್ಕವೂ ಹೋಗುತ್ತೆ. ನಿನ್ನವರು ಬಾಗಿಲು ದಾಟಿದರೆ ಒಂದು ಗಳಿಗೆಯಾಯ್ತೋ ಒಂದು ವರ್ಷವಾಯ್ತೋ ನಿನಗೆ ತಿಳಿಯಲ್ಲ. ನಿನಗೂ, ನಿನ್ನ ಮಕ್ಕಳಿಗೂ."

ನಾಯಿ ಆಚೆ ದಡ ನೋಡಿತು. ಬೊಮ್ಮಿಗೆ ಆಗಲೇ ಎದೆಯುದ್ದ ನೀರು. ಸೋರೆಬುರುಡೆಗಳು ಅವಳನ್ನು ಪಕ್ಕಕ್ಕೆ ಎಳೆಯುತ್ತಿದ್ದವು.

ನಾಯಿ ನಾಲ್ಕೂ ಕಾಲು ಊರಿ, ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಒಮ್ಮೆ ಪಟಪಟನೆ ಮೈ ಒದರಿತು. ಎದೆಯೊಳಗಿನ ಬಟ್ಟಲು ಚಿಮ್ಮಿ ಹೊಳೆಗೆ ಬಿತ್ತು.

ಟಣ್.

"ಅಯ್ಯೋ, ಐದು ಸಾವಿರದ ನಾನೂರು ಗಳಿಗೆ ಉಕ್ಕಿದೀನಲ್ಲ," ಎಂದು ಹೊಳೆಯಮ್ಮ ನಾಚಿ ಸರಸರ ಇಳಿದಳು. ನೀರು ಬೊಮ್ಮಿಯ ಎದೆಯಿಂದ ಸೊಂಟಕ್ಕೆ ಇಳಿಯಿತು. ಸೊಂಟದಿಂದ ಮೊಣಕಾಲಿಗೆ ಇಳಿಯಿತು. ಬೊಮ್ಮಿ ಸೋರೆಬುರುಡೆ ಕಿತ್ತೆಸೆದು, ನೀರು ಚಿಮ್ಮಿಸುತ್ತ ಓಡಿ ಬಂದಳು.

ದಡದಲ್ಲಿ ನಿಂತು ಮುಖ ಒರೆಸಿಕೊಂಡಳು. ಏನು ಹೇಳಬೇಕೆಂದು ತೊಂಬತ್ತು ದಿನ ಯೋಚಿಸಿದ್ದಳು.

"ನಾಳೆ ಅಂದಿದ್ದೆ. ತೊಂಬತ್ತು ದಿನ ಆಯ್ತು. ಕೋಪ ಇದೆಯಾ?"

"ಯಾವ ತೊಂಬತ್ತು?" ಎಂದಿತು ನಾಯಿ. "ಹೋದೆ. ಬಂದೆ!"

ಅದರ ಎದೆ ಹಗುರವಾಗಿತ್ತು. ಅಲ್ಲಿಯವರೆಗೆ ಜೋತುಬಿದ್ದಿದ್ದ ಬಾಲ ತಾನಾಗಿ ಅಲ್ಲಾಡತೊಡಗಿತು. ಬಾಲದ ಜೊತೆ ಸೊಂಟ ಅಲ್ಲಾಡಿತು, ಸೊಂಟದ ಜೊತೆ ಇಡೀ ನಾಯಿ ಅಲ್ಲಾಡಿತು. ಅದು ಜಿಗಿಯಿತು, ಬೊಮ್ಮಿಯ ಸುತ್ತ ಓಡಿತು, ಕಿವಿ ನೆಕ್ಕಿತು, ಅವಳನ್ನು ಮರಳಿಗೆ ಕೆಡವಿತು, ಮತ್ತೆ ಓಡಿತು.

ಅಷ್ಟರಲ್ಲಿ ಸಿದ್ದ ಗೆಣಸಿನ ಬುಟ್ಟಿ ಹೊತ್ತುಕೊಂಡೇ ಮಗಳನ್ನು ಹುಡುಕುತ್ತ ಓಡಿ ಬಂದ. ನಾಯಿ ಅವನ ಮೇಲೂ ಜಿಗಿಯಿತು. ಗೆಣಸೆಲ್ಲ ಚೆಲ್ಲಿತು. ಉರುಳಿಹೋದ ಗೆಣಸು ಹೆಕ್ಕಲು ಸಿದ್ದ ಪೊದೆಯ ಹಿಂದೆ ಹೋಗಿ ಬಂದ. ನಾಯಿ ಮತ್ತೆ ಜಿಗಿಯಿತು.

"ಈಗ ತಾನೇ ನೋಡಿದ್ಯಲ್ಲೋ!"

ನಾಯಿಗೆ ಅದು ಗೊತ್ತಿರಲಿಲ್ಲ. ಅಪ್ಪ ಹೋಗಿದ್ದ, ಅಪ್ಪ ಬಂದ. ಅದಕ್ಕೆ ಅಷ್ಟೇ ಸಾಕಾಗಿತ್ತು.

ಅವ್ವ ಮೊದಲ ದಿನ "ಬಾಗಿಲ ಹೊರಗೇ ಇರಲಿ" ಎಂದಳು. ಎರಡನೇ ದಿನ ನೀರು ತರಲು ಹೋಗಿ ಬಂದಳು. ತಾನು ಮನೆಗೆ ಬಂದದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ಅವಳು ಅದುವರೆಗೆ ನೋಡಿರಲಿಲ್ಲ. ಮೂರನೇ ದಿನ ನಾಯಿ ಅವಳ ಚಾಪೆಯ ಮೇಲಿತ್ತು. ಊಟದ ಹೊತ್ತು ಮಾತ್ರ ಅದಕ್ಕೆ ಒಂದು ದಿನವೂ ತಪ್ಪಲಿಲ್ಲ. ಅದನ್ನು ಹೇಳಲು ಹೊಟ್ಟೆ ಇತ್ತು, ಬಟ್ಟಲು ಬೇಕಿರಲಿಲ್ಲ.

ವಾರದ ಮೇಲೆ ಬೆಕ್ಕೂ ಬಂತು. "ದಾರಿಯಲ್ಲಿ ಈ ಮನೆ ಸಿಕ್ಕಿತು ಅಂತ ಒಳಗೆ ಬಂದೆ," ಎಂದು ಒಲೆಯ ಪಕ್ಕ ಮಲಗಿತು. ಅದರ ಎದೆಯ ಬಟ್ಟಲು ಇನ್ನೂ ಅದರ ಹತ್ತಿರವೇ ಇದೆ. ಅದಕ್ಕೇ ನೀನು ರಜೆಗೆ ಊರಿಗೆ ಹೋಗಿ ಬಂದರೆ ಬೆಕ್ಕು ಬೆನ್ನು ತಿರುಗಿಸಿ ಕೂರುತ್ತದೆ.

ನಾಯಿ ಹಾಗಲ್ಲ. ನೀನು ಬೀದಿಯ ಕೊನೆಯ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತಂದರೂ ಅದು ವರ್ಷದ ಮೇಲೆ ನಿನ್ನನ್ನು ಕಂಡಂತೆ ಕುಣಿಯುತ್ತದೆ.

ಇವತ್ತಿಗೂ, ಯಾರೋ ಬಿಟ್ಟುಹೋದ ನಾಯಿಗಳನ್ನು ಸಾಕುವ ಮನೆಗೆ ನೀನು ಮೊದಲ ಸಲ ಹೋಗಿ ಗೇಟು ತೆರೆದರೆ, ಅಲ್ಲಿಯ ನಾಯಿಗಳೆಲ್ಲ ಎಷ್ಟು ದಿನ ಕಾದೆವು ಎಂದು ತಿಳಿಯದೆ, ಈಗಷ್ಟೇ ಹೊರಗೆ ಹೋಗಿದ್ದ ತಮ್ಮವರೇ ತಿರುಗಿ ಬಂದರು ಎಂದುಕೊಂಡು ಬಾಲ ಅಲ್ಲಾಡಿಸುತ್ತ ನಿನ್ನ ಕಡೆಗೆ ಓಡಿ ಬರುತ್ತವೆ.