ಲಕ್ಕಿ ಸೊಪ್ಪಿನ ಮಂತ್ರ

ಹೊಳೆದಂಡೆಯ ಮುಪ್ಪಯ್ಯನ ಬಳಿ ಎಲ್ಲ ನೋವಿಗೂ ಒಂದೇ ಮದ್ದು: ಲಕ್ಕಿ ಸೊಪ್ಪಿನ ಕಷಾಯ. ಸೊಪ್ಪು ಕುದಿಯುವಾಗ ನೂರೆಂಟು ಸಲ ಮಂತ್ರ ಹೇಳಬೇಕು, ಮುಗಿದ ಮೇಲೆಯೇ ಇಳಿಸಬೇಕು. ಅದು ಅಲ್ಲಿನ ಕಟ್ಟಳೆ.

ಮುಪ್ಪಯ್ಯನಿಗೆ ಹಲ್ಲಿರಲಿಲ್ಲ. ಅವನ ಮಂತ್ರ ಎತ್ತಿನಗಾಡಿ. ಶಿಷ್ಯ ಕೊಟ್ರಯ್ಯನಿಗೆ ಹಲ್ಲೆಲ್ಲ ನೆಟ್ಟಗಿದ್ದವು. ಅವನದು ಕುದುರೆ. ಆ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ಒಂದು ಬೆಳಿಗ್ಗೆ ಅಂಬಿಗ ದ್ಯಾವಪ್ಪ ಬಂದ. ಬಲಭುಜ ಹಿಡಿದುಹೋಗಿತ್ತು. ಆಚೆ ದಡದಲ್ಲಿ ತುಂಬು ಬಸುರಿ ಮಗಳು. ಹೆರಿಗೆಗೆ ಕರೆತರೋಣವೆಂದರೆ ಹುಟ್ಟು ಹಾಕಲು ಕೈ ಏಳದು.

"ನೀನೇ ಮಾಡು" ಎಂದ ಮುಪ್ಪಯ್ಯ, ಶಿಷ್ಯನಿಗೆ.

ಕೊಟ್ರಯ್ಯ ಮಾಡಿದ. ಮಂತ್ರದಲ್ಲಿ ಒಂದಕ್ಷರ ತಪ್ಪಲಿಲ್ಲ, ಒಂದುಸಿರು ದಂಡವಾಗಲಿಲ್ಲ. ಮುಗಿಸಿ ಮಡಕೆ ಇಳಿಸಿದ. ತೆಳು ಹಸಿರು ನೀರು. ಬಟ್ಟೆ ಅದ್ದಿ ಭುಜಕ್ಕೆ ಕಟ್ಟಿದ.

ಮರುದಿನ ದ್ಯಾವಪ್ಪ ಕೈ ಜೋತುಬಿಟ್ಟುಕೊಂಡೇ ಬಂದ.

"ಏನ್ ಮರಿಸ್ವಾಮಿ, ಹೊಳ್ಯಾಗ ಮುಳುಗಿ ಎದ್ದಿದ್ರೂ ಇಷ್ಟೇ ಆಗ್ತಿತ್ತು!"

ಕೊಟ್ರಯ್ಯನ ಮುಖ ಇಂಗು ತಿಂದ ಮಂಗನಂತಾಯಿತು. "ಅಜ್ಜಾರ, ಮಂತ್ರದಾಗ ಏನು ತಪ್ಪಿತು?"

"ಏನೂ ಇಲ್ಲ."

"ಶ್ರದ್ಧೆ ಸಾಲಲಿಲ್ಲೇನು?"

"ಅದು ನಿನಗ ಜಾಸ್ತೀನೇ ಐತಿ."

ಮುಪ್ಪಯ್ಯ ತಾನೇ ಮಡಕೆ ಏರಿಸಿದ. ಸೊಪ್ಪು ಹಾಕಿದ. ಮಂತ್ರ ಹೇಳಲಿಲ್ಲ.

"ಮಗಳ ಹೆಸರೇನೋ, ದ್ಯಾವ?"

"ಹುಲಿಗೆವ್ವ."

"ಗಟ್ಟಿಗಿತ್ತಿ ಏನು?"

"ಅಯ್ಯೋ, ಅಕಿ ಕಥಿ ಏನು ಕೇಳ್ತೀರಿ!"

ಮುಪ್ಪಯ್ಯ ಕೇಳಿದ. ದ್ಯಾವಪ್ಪ ಮಗಳು ಹುಟ್ಟಿದಲ್ಲಿಂದ ಹಿಡಿದು, ಅವಳ ಮದುವೆಯ ಊಟದಲ್ಲಿ ಸಾರು ಸಾಲದೆ ಬೀಗರು ಎದ್ದುಹೋದಲ್ಲಿಯವರೆಗೆ ಬಂದ. ಕೊಟ್ರಯ್ಯ ಕೂತಲ್ಲೇ ಚಡಪಡಿಸಿದ. ಮಡಕೆಯ ನೀರು ಅರ್ಧಕ್ಕಿಳಿಯಿತು, ಕಪ್ಪಗಾಯಿತು. ಲಕ್ಕಿಯ ಘಾಟು ದಂಡೆಗೆಲ್ಲ ಹಬ್ಬಿತು. ಆಗ ಮುಪ್ಪಯ್ಯ ಇಳಿಸಿ, ಬಟ್ಟೆ ಅದ್ದಿ, ಬಿಸಿಬಿಸಿ ಕಟ್ಟಿದ.

ಸಂಜೆ ಹೊತ್ತಿಗೆ ದ್ಯಾವಪ್ಪನ ಕೈ ಎದ್ದಿತು. ತಲೆಯ ಮೇಲಕ್ಕೇನಲ್ಲ, ಕಿವಿಯವರೆಗೆ. ಪವಾಡವೆನ್ನಲು ಸಾಲದು, ಹುಟ್ಟು ಹಾಕಲು ಸಾಕು. ಹರಿಗೋಲು ಆಚೆ ದಡದತ್ತ ತಿರುಗಿತು.

ಕೊಟ್ರಯ್ಯ ಅದನ್ನೇ ನೋಡುತ್ತ ನಿಂತ.

"ಅಜ್ಜಾರ, ಇವತ್ತು ನೀವು ಮಂತ್ರ ಹೇಳಲೇ ಇಲ್ಲ."

"ದ್ಯಾವಪ್ಪ ಹೇಳಿದ್ನಲ್ಲೋ."

"ಅದು ಮಂತ್ರ ಏನ್ರಿ? ಸಾರಿನ ಕಥಿ!"

"ಸೊಪ್ಪಿಗೆ ಸಂಸ್ಕೃತಾನೂ ಬರಾಂಗಿಲ್ಲ, ಕನ್ನಡಾನೂ ಬರಾಂಗಿಲ್ಲ. ಬೇಯೋದೊಂದು ಬರ್ತೈತಿ, ಅದೂ ನಿಧಾನಕ್ಕ."